ಮೊದಲು ನೀರು, ಆಮೇಲೆ ಮಾತು

“ಅಜಾರಾ! ಇವತ್ತೂ ಲೇಟಾ?” ಮಕ್ಕಳ ಹಾಡು ನಿಲ್ಲಿಸಿ ಯಾಕುಬು ಮೇಷ್ಟ್ರು ಗುಡುಗಿದರು.

“ಕೆರೆಗೆ ಹೋಗಿದ್ದೆ, ಸಾರ್. ಪಂಪು ಕೆಟ್ಟಿದೆಯಲ್ಲ.”

“ಶ್! ಗೆಸ್ಟ್ ಬರೋ ದಿನ ಎಂಥ ಮಾತಾಡ್ತೀಯ? ಲೈನಲ್ಲಿ ನಿಂತು ಹಾಡು.”

ಹಾಡಬೇಕಾಗಿದ್ದದ್ದು ‘ಪಂಪೇ ಪಂಪೇ, ನಿನಗೆ ಥ್ಯಾಂಕ್ಯೂ’ ಎಂಬ ಹಾಡು. ಅಜಾರಾ ಬಾಯಿ ಮಾತ್ರ ಆಡಿಸಿದಳು.

ಗುಮಯಿಲಿ ಊರಿನ ಪಂಪು ಬಹಳ ಪುಣ್ಯವಂತ ಪಂಪು. ಮೂರು ವರ್ಷದ ಹಿಂದೆ ಒಂದು ಸೇವಾಸಂಸ್ಥೆ ಅದನ್ನು ಹಾಕಿಸಿತ್ತು. ಒಂದೇ ವರ್ಷಕ್ಕೆ ಒಳಗಿನ ರಬ್ಬರ್ ವಾಷರ್ ಸವೆದು ನೀರು ನಿಂತುಹೋಯಿತು. ಹೊಸ ವಾಷರ್ ಬರಲೇ ಇಲ್ಲ. ಆದರೆ ಸಂಸ್ಥೆಯ ಹೆಸರಿದ್ದ ಬೋರ್ಡಿಗೆ ಮಾತ್ರ ವರ್ಷ ತಪ್ಪದೆ ಬಣ್ಣ ಬರುತ್ತಿತ್ತು. ಪಾಪ, ಬಿಸಿಲಲ್ಲಿ ನಿಂತು ನಿಂತು ಬೋರ್ಡಿಗೂ ಬಾಯಾರಿರಬೇಕು!

ಇನ್ನು ಮೂರು ದಿನ ಲೇಟಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮೇಷ್ಟ್ರು ಅಜಾರಾಳಿಗೆ ಹೇಳಿಬಿಟ್ಟಿದ್ದರು. ಅದಕ್ಕೇ ಅವಳು ಬೆಳಿಗ್ಗೆ ಅಜ್ಜನ ಬೆನ್ನು ಬಿದ್ದಿದ್ದಳು. ಅಜ್ಜ ಊರಿನ ಯಜಮಾನ.

“ಅಜ್ಜಾ, ಪಂಪು ಕೆಟ್ಟಿದೆ ಅಂತ ಇವತ್ತು ಬರೋ ಸಂಸ್ಥೆಯೋರಿಗೆ ನೀನೇ ಹೇಳು.”

“ಮನೆಗೆ ಬಂದೋರ ಮುಂದೆ ದೂರು ಹೇಳೋದಾ? ಛೆ ಛೆ!”

ಎಂಥ ಪುಕ್ಕಲ ಅಜ್ಜ ಎಂದು ಅಜಾರಾಳಿಗೆ ಸಿಟ್ಟು ಬಂದಿತ್ತು.

ಅಷ್ಟರಲ್ಲಿ ಧೂಳೆಬ್ಬಿಸುತ್ತ ಜೀಪು ಬಂತು. ಕಪ್ಪು ಕನ್ನಡಕದ ಇದ್ರಿಸು ಸಾರ್ ಇಳಿದರು. ಪಂಪಿನ ಉಸ್ತುವಾರಿ ಅವರದ್ದೇ. ಅದನ್ನು ಅವರು ಪಟ್ಟಣದ ಫ್ಯಾನಿನ ಕೆಳಗೆ ಕೂತು ನೋಡಿಕೊಳ್ಳುತ್ತಿದ್ದರು. ಅವರ ಹಿಂದೆ ದೂರದೇಶದಿಂದ ಬಂದ, ಸಂಸ್ಥೆಯ ದೊಡ್ಡ ಮೇಡಂ.

“ಅಜಾರಾ, ನೀರು ತಾರಮ್ಮ,” ಎಂದ, ಪಂಪಿನ ಪಕ್ಕದ ಮರದಡಿ ಊರವರ ಜೊತೆ ಕೂತಿದ್ದ ಅಜ್ಜ.

ಅವಳು ಬಟ್ಟೆಯಲ್ಲಿ ಮೂರು ಸಲ ಸೋಸಿ, ಸೋರೆಬುರುಡೆಯ ಬಟ್ಟಲಲ್ಲಿ ನೀರು ತಂದಳು. ಆದರೂ ಅದರ ಬಣ್ಣ ಟೀಯಂತೆಯೇ ಇತ್ತು. ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಅಯ್ಯೋ, ಬೇಡ ಬೇಡ! ನಮ್ಮತ್ರ ಬಾಟ್ಲಿ ಇದೆ,” ಎಂದು ಇದ್ರಿಸು ಸಾರ್ ಅಡ್ಡ ಬಂದರು. “ಭಾಷಣ ಶುರು ಮಾಡಿ ಯಜಮಾನ್ರೇ. ಟೈಮಿಲ್ಲ.”

“ಮೊದಲು ನೀರು, ಆಮೇಲೆ ಮಾತು. ಬಂದೋರು ನಮ್ಮ ನೀರು ಮುಟ್ಟದೆ ನಾನು ಬಾಯಿ ಬಿಡೋ ಹಾಗಿಲ್ಲಪ್ಪ. ಅದು ನಮ್ಮ ಪದ್ಧತಿ.”

ಅಜ್ಜ ತುಟಿ ಬಿಗಿದು ಕೂತ. ಊರಿಗೆ ಊರೇ ತುಟಿ ಬಿಗಿಯಿತು. ಥ್ಯಾಂಕ್ಯೂ ಹಾಡು ಕೂಡ ಮೇಷ್ಟ್ರ ಗಂಟಲಲ್ಲೇ ಸಿಕ್ಕಿಕೊಂಡಿತು.

ಕೊನೆಗೆ ಮೇಡಂ ಬಟ್ಟಲು ತೆಗೆದುಕೊಂಡು ತುಟಿಗೆ ಸೋಕಿಸಿದರು. ನೀರನ್ನೇ ನೋಡಿದರು. “ಇದು ಪಂಪಿನ ನೀರಾ?” ಎಂದು ಅಜಾರಾಳನ್ನೇ ಕೇಳಿದರು.

ಮೇಷ್ಟ್ರು ಕಣ್ಣು ಕೆಕ್ಕರಿಸಿದರು. ಅಜ್ಜ ಮರದ ಎಲೆ ಎಣಿಸುವವನಂತೆ ಮೇಲೆ ನೋಡುತ್ತಿದ್ದ.

“ಅಲ್ಲ ಮೇಡಂ. ಕೆರೇದು. ಪಂಪಲ್ಲಿ ನೀರು ಬರದೆ ಎರಡು ವರ್ಷ ಆಯ್ತು. ದಿನಾ ನೀರು ತಂದು ಸ್ಕೂಲಿಗೆ ಲೇಟಾಗ್ತೀನಿ.”

ಮೇಡಂ ನೇರ ಪಂಪಿನ ಹತ್ತಿರ ಹೋಗಿ ಹಿಡಿ ಒತ್ತಿದರು. ಕಿರ್ ಕಿರ್! ಇಪ್ಪತ್ತು ಸಲ ಒತ್ತಿದರೂ ಒಂದು ಹನಿ ಬರಲಿಲ್ಲ. ಅವರು ಇದ್ರಿಸು ಸಾರ್ ಕಡೆ ತಿರುಗಿದರು. ಇದ್ರಿಸು ಸಾರ್‌ಗೆ ಆಗಲೇ ಬೋರ್ಡು ಓದಬೇಕೆನಿಸಿತು.

“ಅಜ್ಜಾ,” ಅಜಾರಾ ಪಿಸುಗುಟ್ಟಿದಳು, “ದೂರು ಹೇಳಲ್ಲ ಅಂದಿದ್ದೆ?”

“ನಾನೆಲ್ಲಿ ಹೇಳಿದೆ? ನೀರು ಕೊಟ್ಟೆ, ಅಷ್ಟೆ.”

ಅಜಾರಾ ಅಜ್ಜನ ಮುಖವನ್ನೇ ನೋಡಿದಳು. ಅವನ ಗಡ್ಡದೊಳಗೆ ನಗು ಅಲುಗುತ್ತಿತ್ತು.

ಅವಳು ಬಟ್ಟಲನ್ನು ಮತ್ತೆ ತುಂಬಿಸಿದಳು. ಒಂದು ಹನಿಯೂ ಚೆಲ್ಲದಂತೆ ನಡೆದುಹೋಗಿ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ದೊಡ್ಡವರಿಗೆ ಕೊಡುವ ಪದ್ಧತಿಯಂತೆ ಇದ್ರಿಸು ಸಾರ್ ಮುಂದೆ ಮಂಡಿಯೂರಿದಳು.

“ತಗೊಳ್ಳಿ ಸಾರ್. ನೀವು ಇನ್ನೂ ಕುಡಿದೇ ಇಲ್ಲ.”