ಸಪತ್ನೀಕ ಸನ್ಮಾನ

"ಲೋನ್ ಬೇಡ ಮೇಡಂ," ಎಂದು ಹೇಳಿ ಅಂಕಿತ್ ನನ್ನ ಮೊದಲ ಫೋನನ್ನು ಕಟ್ ಮಾಡಿದ.

ನಾನಿನ್ನೂ "ನಮಸ್ಕಾರ" ಎಂದಷ್ಟೇ ಹೇಳಿದ್ದೆ. ಎರಡನೆಯ ಸಲ ಉಸಿರು ಬಿಡದೆ ಶುರು ಮಾಡಿದೆ. "ನಾನು ಸುರಕ್ಷಾ. ಹತ್ತನೇ ಕ್ಲಾಸಿನಲ್ಲಿ ಆಚೆ ಸಾಲಿನ ಮೊದಲ ಬೆಂಚು. ಈಗ ಅದೇ ಶಾಲೆಯಲ್ಲಿ ಕನ್ನಡ ಟೀಚರ್. ಲೋನ್ ಕೊಡ್ಲಿಕ್ಕೆ ಅಲ್ಲ, ದುಡ್ಡು ಕೇಳ್ಲಿಕ್ಕೆ ಫೋನ್ ಮಾಡಿದ್ದು."

ಆ ಕಡೆಯಿಂದ ನಗು.

"ಸುರಕ್ಷಾ ಅಂದ್ರೆ, ಲೀಡರ್ ಆಗಿ ದಿನಾ ನನ್ನ ಹೆಸರು ಬೋರ್ಡಿನಲ್ಲಿ ಬರೀತಿದ್ದವಳಾ?"

"ಮಾತಾಡುವವರ ಹೆಸರು ಬರೀಲಿಕ್ಕೆ ಸರ್ ಹೇಳಿದ್ರು. ನೀನು ಮಾತಾಡ್ತಿದ್ದೆ."

"ನಿನ್ನ ಹತ್ರ ತಾನೇ ಮಾತಾಡ್ತಿದ್ದದ್ದು."

ಫೋನ್ ಇಟ್ಟ ಮೇಲೂ ನಾನು ಸ್ಟಾಫ್‌ರೂಮಿನ ಕಿಟಕಿಯ ಹತ್ತಿರ ಸುಮ್ಮನೆ ನಿಂತಿದ್ದೆ. ಬೆಲ್ ಹೊಡೆದದ್ದು ಕೇಳಿಸಲಿಲ್ಲ.

ನಮ್ಮದು ಬೆಳ್ತಂಗಡಿ ಹತ್ತಿರದ ಲಾಯಿಲದಿಂದ ಸ್ವಲ್ಪ ಒಳಗಿರುವ ಅನುದಾನಿತ ಪ್ರೌಢಶಾಲೆ. ಹೊಸ ಲ್ಯಾಬ್, ಹುಡುಗಿಯರಿಗೆ ಟಾಯ್ಲೆಟ್, ಒಂದು ರಂಗಮಂದಿರ ಆಗಲೇಬೇಕೆಂದು ಹಳೆ ವಿದ್ಯಾರ್ಥಿ ಸಂಘ ಪಣ ತೊಟ್ಟಿತ್ತು. ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ದೊಡ್ಡವರಾದ ಹಳೆ ವಿದ್ಯಾರ್ಥಿಗಳನ್ನು ಕರೆದು ಶಾಲು ಹೊದೆಸುವುದು, ಹೊದೆಸುವ ಮೊದಲೇ ಕೈ ಒಡ್ಡುವುದು. ಆ ಸಾಧಕರಲ್ಲಿ ಅಂಕಿತ್ ಜೈನ್ ಒಬ್ಬ. ಹೈಸ್ಕೂಲನ್ನು ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದವನು, ಈಗ ಮೂಡುಬಿದಿರೆಯಲ್ಲಿ ಗೇರುಬೀಜ ಒಡೆಯುವ ಮೆಷಿನ್ ತಯಾರಿಸುತ್ತಾನೆ. ಅವನ ಮೆಷಿನ್ ಆಫ್ರಿಕಾದವರೆಗೆ ಹೋಗುತ್ತದೆ. ಅವನು ಮಾತ್ರ ಬೆಳ್ತಂಗಡಿಯವರೆಗೆ ಬರಲು ಇಷ್ಟು ವರ್ಷ ತೆಗೆದುಕೊಂಡ.

ಬಂದವನು ಮತ್ತೆ ಬರುತ್ತಲೇ ಇದ್ದ. ಭಾನುವಾರವೆಂದರೆ ಅವನ ಕಾರು ಶಾಲೆಯ ಗೇಟಿನಲ್ಲಿ. "ದಾನಿಗಳನ್ನು ನೋಡಿ ಬರುವ" ಎನ್ನುತ್ತಿದ್ದ. ಸಂಘದ ಅಧ್ಯಕ್ಷರು, ನಮಗೆ ಪಿ.ಟಿ. ಕಲಿಸಿ ನಿವೃತ್ತರಾದ ಸಂಕಪ್ಪ ಮಾಸ್ಟ್ರು, ಮುಂದಿನ ಸೀಟಿನಲ್ಲಿ. ನಾನು ಹಿಂದೆ. ಬಂಟ್ವಾಳ ತಲುಪುವುದರೊಳಗೆ ಮಾಸ್ಟ್ರಿಗೆ ನಿದ್ದೆ. ಆಮೇಲೆ ಕನ್ನಡಿಯಲ್ಲಿ ಅವನ ಕಣ್ಣು.

"ರಸ್ತೆ ಮುಂದೆ ಉಂಟು," ಎಂದೆ ಮೆಲ್ಲಗೆ.

"ಗೊತ್ತುಂಟು. ಹಿಂದೆ ಯಾರಾದ್ರೂ ಓವರ್‌ಟೇಕ್ ಮಾಡ್ತಾರಾ ಅಂತ ನೋಡ್ತಿದ್ದೇನೆ."

"ಹಿಂದೆ ಇರುದು ನಾನು ಮಾತ್ರ."

"ಹೌದು. ನೀನು ಮಾಡಿ ಆಯ್ತು."

ನಾನು ಕಿಟಕಿಯ ಕಡೆ ತಿರುಗಿ ನಕ್ಕೆ. ಮೂವತ್ತು ದಾಟಿದ ಟೀಚರಮ್ಮ ಹಾಗೆ ಒಂಬತ್ತನೇ ಕ್ಲಾಸಿನ ಹುಡುಗಿಯಂತೆ ನಗುವುದು ಶೋಭೆಯಲ್ಲವೆಂದು ಗೊತ್ತಿದ್ದೇ ನಕ್ಕೆ. ತುಳುವಿನಲ್ಲೇ ಹುಟ್ಟಿ ಬೆಳೆದ ನಾವಿಬ್ಬರೂ ನಮ್ಮೊಳಗೆ ಕನ್ನಡವನ್ನೇ ಆಡುತ್ತಿದ್ದೆವು. ಕ್ಲಾಸಿನಲ್ಲಿ ಶುರುವಾದ ಮಾತು ಕ್ಲಾಸಿನ ಭಾಷೆಯಲ್ಲೇ ಉಳಿದಿತ್ತು.

ರಂಗಮಂದಿರಕ್ಕೆ ದುಡ್ಡು ಕೊಡಲು ದಾನಿಗಳೊಳಗೆ ಪೈಪೋಟಿ ನಡೆಯಿತು. ಟಾಯ್ಲೆಟ್ಟಿಗೆ ಒಬ್ಬರೂ ಇಲ್ಲ. ಆ ಗೋಡೆಗೆ ಅಪ್ಪ ಅಮ್ಮನ ಹೆಸರಿನ ಕಲ್ಲು ಹಾಕಿಸಲು ಯಾರಿಗೆ ಮನಸ್ಸು ಬರುತ್ತದೆ? ನಾನು ಅಂಕಿತ್‌ನನ್ನೇ ಕೇಳಿದೆ.

"ಹುಡುಗಿಯರು ಮಧ್ಯಾಹ್ನದವರೆಗೆ ನೀರು ಕುಡಿಯದೆ ಕೂರ್ತಾರೆ. ಗೊತ್ತುಂಟಾ ನಿಂಗೆ?"

ಅವನು ತಲೆ ತಗ್ಗಿಸಿದ. "ಕೊಡ್ತೇನೆ. ಆದ್ರೆ ಹೆಸರು ಎಲ್ಲಿಯೂ ಬರುದು ಬೇಡ ಮಾರಾಯ್ತಿ. ಗುಟ್ಟಿನಲ್ಲಿ ಇರ್ಲಿ."

ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಲ್ಯಾಬಿಗೂ ಕೊಟ್ಟ. ಅದರ ಬಾಗಿಲ ಮೇಲೆ ತಾಯಿಯ ಹೆಸರು ಕೆತ್ತಿಸಿದ. ಅವನು ಯಾವುದನ್ನು ಮುಚ್ಚಿಡುತ್ತಾನೆ, ಯಾವುದನ್ನು ಎತ್ತಿ ತೋರಿಸುತ್ತಾನೆ ಎಂದು ನಾನು ಆಗಲೇ ಯೋಚಿಸಬೇಕಿತ್ತು.

ಒಂದು ಭಾನುವಾರ ಪೊಳಲಿಯ ದಾನಿಯೊಬ್ಬರ ಮನೆಗೆ ಹೋದವರು ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಿದೆವು. ಮಾಸ್ಟ್ರು ಒಳಗೆ ಹೋದರು. ನಾವು ಫಲ್ಗುಣಿ ಹೊಳೆಯ ಕಡೆ ನಡೆದೆವು.

"ನಿನ್ನ ಕೈಯಲ್ಲಿ ಚಾಕ್‌ಪೀಸಿನ ಪುಡಿ ಉಂಟು," ಎಂದು ಅವನು ಕರ್ಚೀಫ್ ತೆಗೆದ.

"ಇವತ್ತು ಭಾನುವಾರ."

"ಹಾಗಾದ್ರೆ ನಿನ್ನೆದು."

ಕೈಯಲ್ಲಿ ಏನೂ ಇರಲಿಲ್ಲ. ಆದರೂ ಅವನು ಒಂದೊಂದೇ ಬೆರಳನ್ನು ಒರೆಸಿದ, ನಾನು ಒರೆಸಲು ಬಿಟ್ಟೆ. ಬೆರಳುಗಳು ಮುಗಿದ ಮೇಲೂ ಕೈ ಅವನ ಕೈಯಲ್ಲೇ ಇತ್ತು.

"ಮದುವೆ ಆಗುವ," ಎಂದ. ಊಟಕ್ಕೆ ಹೋಗುವ ಎನ್ನುವಷ್ಟೇ ಸಲೀಸಾಗಿ.

ನನಗೆ ಸಂತೋಷಕ್ಕಿಂತ ಮೊದಲು ಭಯವಾಯಿತು. ಅವನ ಅಮ್ಮ ಪ್ರಭಾವತಿಯಮ್ಮ ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು, ನೀರುಳ್ಳಿಯನ್ನೂ ಮನೆಯೊಳಗೆ ತಾರದವರು. ನಾವು ಬಂಟರು, ಮೀನಿಲ್ಲದೆ ಊಟ ಗಂಟಲಿಂದ ಇಳಿಯದವರು.

"ನಿನ್ನ ಅಮ್ಮನಿಗೆ ಯಾರು ಹೇಳುದು?"

"ನಾನೇ. ಸನ್ಮಾನದ ದಿನ ಅಮ್ಮ ಬರ್ತಾರೆ. ಅವತ್ತು ಎಲ್ಲರ ಎದುರು ನಿನ್ನ ಕೈ ಹಿಡಿದು ಹೇಳ್ತೇನೆ. ಅಲ್ಲಿವರೆಗೆ ಯಾರಿಗೂ ಗೊತ್ತಾಗುದು ಬೇಡ, ಆಯ್ತಾ?"

ಆಯ್ತು ಎಂದೆ. ಅಂದಿನಿಂದ ನಾನು ಮೀನು ಬಿಟ್ಟೆ. ಅವನು ಕೇಳಿರಲಿಲ್ಲ, ನಾನಾಗಿಯೇ ಬಿಟ್ಟದ್ದು. ಅಮ್ಮ ಕುಸುಮ ಬಟ್ಟಲು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬೂತಾಯಿ ಗಸಿ ಸಹ ಬೇಡವಾ? ಡಾಕ್ಟರ್ ಹೇಳಿದ್ದಾ?"

"ರುಚಿಸುದಿಲ್ಲಮ್ಮ."

ಅದೇ ತಿಂಗಳು ಅಮ್ಮ ತಂದ ಒಂದು ಒಳ್ಳೆಯ ಸಂಬಂಧವನ್ನೂ ಬೇಡವೆಂದೆ. ಅಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಸ್ವಲ್ಪ ದಿನ ತಾಳು, ಗೊತ್ತಾಗುತ್ತದೆ ಎಂದು ನನ್ನೊಳಗೇ ಹೇಳಿಕೊಂಡು ಓಡಾಡಿದೆ. ಹೊಸ ಸೀರೆಗೆ ಬ್ಲೌಸ್ ಹೊಲಿಸಿದೆ. ಮೂರು ಸಲ ಅಳತೆ ಸರಿಮಾಡಿಸಿದೆ.

ನಮ್ಮ ಕಡೆ ಸನ್ಮಾನವೆಂದರೆ ಸಪತ್ನೀಕ ಸನ್ಮಾನ. ಸಾಧಿಸಿದವರು ಒಬ್ಬರಾದರೂ ಕುರ್ಚಿ ಎರಡು. ಗಂಡನಿಗೆ ಶಾಲು, ಪೇಟ, ಹಾರ. ಹೆಂಡತಿಗೆ ಮಲ್ಲಿಗೆಯ ಚೆಂಡು, ಕುಂಕುಮ. ಇಬ್ಬರ ಮಡಿಲಿಗೂ ಸೇರಿ ಒಂದು ಹಣ್ಣಿನ ಬುಟ್ಟಿ. ಅಂದು ಮೊದಲು ವಕೀಲೆ ಶಾಹಿದಾ ಅವರಿಗೆ ಸನ್ಮಾನವಾಯಿತು. ಶಾಲು ಹೆಂಡತಿಗೆ ಹೋದದ್ದರಿಂದ ಮಲ್ಲಿಗೆಯನ್ನು ಏನು ಮಾಡುವುದೆಂದು ತಿಳಿಯದೆ ಗಂಡ ನವಾಝ್ ಅವರ ಕೈಗೇ ಕೊಟ್ಟರು. ಅವರು ಅದನ್ನು ಮೂಸಿ ನೋಡಿ ಕಿಸೆಗೆ ಹಾಕಿಕೊಂಡರು. ಅಂಗಳವೆಲ್ಲ ನಕ್ಕಿತು, ಮೈಕಿನಲ್ಲಿದ್ದ ನಾನೂ ನಕ್ಕೆ.

ನಿರೂಪಣೆ ನನ್ನದೇ. ಸನ್ಮಾನಪತ್ರಗಳನ್ನು ಬರೆದವಳೂ ನಾನೇ. ಅಂಕಿತ್‌ನ ಪತ್ರ ಓದುವಾಗ ಸ್ವರ ನಡುಗದಂತೆ ನೋಡಿಕೊಂಡೆ. ಪ್ರಭಾವತಿಯಮ್ಮ ಮೊದಲ ಸಾಲಿನಲ್ಲಿದ್ದರು, ಬಿಳಿ ಸೀರೆ, ಮಡಿಲಲ್ಲಿ ಜೋಡಿಸಿದ ಕೈ. ಅವನ ಪಕ್ಕದ ಕುರ್ಚಿ ಖಾಲಿ.

ಓದಿ ಮುಗಿಸಿ, ಗಾಜು ಹಾಕಿದ ಆ ಭಾರದ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಅವನ ಹತ್ತಿರ ಹೋದೆ. ಮುಖ್ಯ ಅತಿಥಿಗಳು ಮಂಗಳೂರಿನವರು, ಹೆಂಗಸರಿಗೆ ಹೂ ಮುಡಿಸುತ್ತಿದ್ದವರು ಅವರ ಪತ್ನಿ. ಇಬ್ಬರಿಗೂ ನಮ್ಮ ಪರಿಚಯವಿಲ್ಲ. ಹೊಸ ಸೀರೆಯುಟ್ಟ ಹೆಣ್ಣು, ಗಂಡಸಿನ ಪಕ್ಕದಲ್ಲಿ ನಿಂತಿದ್ದಾಳೆ, ಕುರ್ಚಿ ಖಾಲಿ ಇದೆ. ಅತಿಥಿಯ ಪತ್ನಿ ನನ್ನ ಭುಜ ಹಿಡಿದು ಕೂರಿಸಿಯೇ ಬಿಟ್ಟರು.

"ಅಯ್ಯೋ ಮೇಡಂ, ನಾನು..." ಎನ್ನುವುದರೊಳಗೆ ಮಲ್ಲಿಗೆ ನನ್ನ ಜಡೆಯಲ್ಲಿತ್ತು, ಕುಂಕುಮ ಹಣೆಯಲ್ಲಿತ್ತು, ಹಣ್ಣಿನ ಬುಟ್ಟಿ ನಮ್ಮಿಬ್ಬರ ಮಡಿಲಲ್ಲಿತ್ತು.

"ಮೇಡಂ, ಸ್ವಲ್ಪ ಸರ್ ಹತ್ರ ಬನ್ನಿ," ಎಂದ ಫೋಟೋಗ್ರಾಫರ್.

ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ಶಿಳ್ಳೆ ಹೊಡೆದರು. ಸಂಕಪ್ಪ ಮಾಸ್ಟ್ರು ಮೈಕು ಎತ್ತಿಕೊಂಡರು. ಕಾರಿನಲ್ಲಿ ಅವರಿಗೆ ಅಷ್ಟೇನೂ ನಿದ್ದೆ ಬರುತ್ತಿರಲಿಲ್ಲವೋ ಏನೋ. "ಎಬ್ಬಿಸುದು ಬೇಡ," ಎಂದರು. "ಜೋಡಿ ಚಂದ ಉಂಟು. ಇನ್ನು ನಮ್ಮ ಅಂಕಿತ್ ಎಂತ ಹೇಳ್ತಾರೆ ಕೇಳುವ."

ಕೇಳದೆಯೇ ದೇವರು ಕೊಟ್ಟ ಹಾಗೆ ಎಲ್ಲವೂ ಕೂಡಿ ಬಂದಿತ್ತು. ಅವನು ಬಾಯಿ ತೆರೆಯುವುದೂ ಬೇಕಿರಲಿಲ್ಲ. ಒಮ್ಮೆ ನಕ್ಕಿದ್ದರೆ ಊರು ಅರ್ಥ ಮಾಡಿಕೊಳ್ಳುತ್ತಿತ್ತು.

ಅವನು ತಾಯಿಯ ಮುಖ ನೋಡಿದ. ಬುಟ್ಟಿಯನ್ನು ನನ್ನ ಮಡಿಲಿಗೆ ಸರಿಸಿ ಎದ್ದು ಮೈಕು ತೆಗೆದುಕೊಂಡ.

"ಕ್ಷಮಿಸಿ, ಒಂದು ಸಣ್ಣ ತಪ್ಪು ತಿಳುವಳಿಕೆ ಆಗಿದೆ. ಇವರು ಸುರಕ್ಷಾ ಟೀಚರ್, ನನ್ನ ಸಹಪಾಠಿ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ನನಗೆ ಸ್ವಂತ ತಂಗಿಯ ಹಾಗೆ."

ಜೋರಾದ ಚಪ್ಪಾಳೆ. ಮೊದಲ ಸಾಲಿನ ಹೆಂಗಸರು "ಎಂತ ಸಂಸ್ಕಾರ" ಎಂದು ತಲೆದೂಗಿದರು. ಅತಿಥಿಯ ಪತ್ನಿ ನಾಚಿ ನನ್ನ ಕೈ ಒತ್ತಿದರು. ಬುಟ್ಟಿಯನ್ನು ಅವನ ಕುರ್ಚಿಯಲ್ಲಿಟ್ಟು ನಾನು ಎದ್ದೆ, ಮೈಕಿನ ಹತ್ತಿರ ಹೋದೆ, ಮುಂದಿನ ಸಾಧಕರ ಹೆಸರು ಕರೆದೆ. ಸ್ವರ ಸರಿಯಾಗಿಯೇ ಇತ್ತು. ಹೇಗೆ ಇತ್ತೆಂದು ಈಗಲೂ ಗೊತ್ತಿಲ್ಲ.

ಊಟದ ಹೊತ್ತಿಗೆ ಅವನು ಕೈ ತೊಳೆಯುವ ನಳ್ಳಿಗಳ ಹತ್ತಿರ ನನ್ನನ್ನು ಹುಡುಕಿಕೊಂಡು ಬಂದ. ಪೇಟ ತೆಗೆದಿದ್ದ, ಶಾಲು ಹೆಗಲಲ್ಲೇ ಇತ್ತು.

"ಬೇಜಾರಾಯ್ತಾ? ತಮಾಷೆ ಜಾಸ್ತಿ ಆಗುದು ಬೇಡ ಅಂತ ಹಾಗೆ ಹೇಳಿದ್ದು. ನಿನ್ನ ಮರ್ಯಾದೆಗೋಸ್ಕರ."

"ನನ್ನದಾ?"

"ಅಮ್ಮ ಎದುರೇ ಕೂತಿದ್ರು, ಸುರಕ್ಷಾ. ಸ್ವಲ್ಪ ದಿನ ಹೋಗ್ಲಿ. ಒಳ್ಳೆ ಟೈಮ್ ನೋಡಿ ಹೇಳ್ತೇನೆ."

"ನೀನು ಏನೂ ಹೇಳುದು ಬೇಡ ಇತ್ತು. ಸುಮ್ಮನೆ ಕೂತಿದ್ರೆ ಸಾಕಿತ್ತು. ಹೇಳುದನ್ನೆಲ್ಲ ಬೇರೆಯವರೇ ಹೇಳಿ ಆಗಿತ್ತು."

ಅಷ್ಟರಲ್ಲಿ ಪ್ರಭಾವತಿಯಮ್ಮ ಬಂದರು. ಸುತ್ತ ಕೈ ತೊಳೆಯುವವರ ಗುಂಪು, ಅದರ ನಡುವೆಯೇ ನೇರವಾಗಿ ಬಂದು ನನ್ನ ಕೈ ಹಿಡಿದರು.

"ಎಷ್ಟು ಚಂದ ಓದಿದೆ ಮಗಾ. ಇವನಿಗೆ ಒಡಹುಟ್ಟಿದವರು ಇಲ್ಲ ಅಂತ ನನಗೆ ಯಾವತ್ತೂ ಒಂದು ಕೊರಗು. ಇವನ ಮದುವೆಗೆ ಹೆಣ್ಣು ನೋಡ್ತಾ ಇದ್ದೇವೆ. ತಂಗಿಯ ಜಾಗದಲ್ಲಿ ನೀನೇ ನಿಲ್ಲಬೇಕು. ಬರ್ತೀಯಲ್ಲ?"

ನಾನು ಅಂಕಿತ್‌ನ ಕಡೆ ನೋಡಿದೆ. ಈಗ ಸಭೆ ಇಲ್ಲ, ಮೈಕು ಇಲ್ಲ, ಉತ್ತರ ಕೊಡಬೇಕಾದದ್ದು ಒಬ್ಬಳು ತಾಯಿಗೆ. ಅವನು ತೊಟ್ಟಿಕ್ಕುತ್ತಿದ್ದ ನಳ್ಳಿಯೊಂದನ್ನು ಬಿಗಿ ಮಾಡುತ್ತಿದ್ದ. ವೇದಿಕೆಯಲ್ಲಿ ಸುಮ್ಮನಿರಲಾಗದವನು ಇಲ್ಲಿ ಚೆನ್ನಾಗಿ ಸುಮ್ಮನಿದ್ದ.

"ಇಲ್ಲ ಅಮ್ಮ," ಎಂದೆ. "ನಾನು ತಂಗಿ ಅಲ್ಲ."

ಅವರು ನನ್ನ ಮುಖ ನೋಡಿದರು, ಮಗನ ಬೆನ್ನು ನೋಡಿದರು. ವಯಸ್ಸಾದ ಹೆಂಗಸರಿಗೆ ಇಂಥದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಹೌದಾ ಅಂಕಿತ್?"

ಅವನು ತಿರುಗಲಿಲ್ಲ. ಹೌದೆಂದು ತಲೆ ಮಾತ್ರ ಆಡಿಸಿದ.

"ನನ್ನ ಹತ್ರ ಒಂದು ಮಾತು ಹೇಳ್ಲಿಕ್ಕೆ ನಿಂಗೆ ಎಂತ ಆಗಿತ್ತು? ನಾನೇನು ಹುಲಿಯಾ?" ಅವರ ಸ್ವರದಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ನನ್ನ ಕೈ ಬಿಡಲಿಲ್ಲ. "ನಮ್ಮ ಮನೆಯ ಕ್ರಮ ಬೇರೆ, ಕಷ್ಟ ಉಂಟು. ಆದ್ರೆ ಕೂತು ಮಾತಾಡಿದ್ರೆ ಮುಗಿಯದ್ದು ಯಾವುದುಂಟು?"

ಅಂಕಿತ್ ತಟ್ಟನೆ ತಿರುಗಿದ. ಮುಖದಲ್ಲಿ ಆ ಹಳೆಯ ನಗು. "ಕೇಳಿದೆಯಾ ಸುರಕ್ಷಾ? ಇನ್ನು ಎಂತ ಹೆದರಿಕೆ?"

ಆ ಕ್ಷಣದಲ್ಲೂ ನನಗೆ ಅವನ ಮೇಲೆ ಪ್ರೀತಿ ಇತ್ತು. ಸುಳ್ಳು ಹೇಳಿ ಏನಾಗಬೇಕು? ಆ ನಗುವಿಗಾಗಿ ನಾನು ಎಷ್ಟೋ ಭಾನುವಾರ ಕಾದಿದ್ದೆ. ಆದರೆ ದಾರಿ ಸಲೀಸಾಯಿತೆಂದು ಗೊತ್ತಾದ ಮೇಲೆ ಬಂದ ನಗು ಅದು. ನಾಳೆ ಇನ್ನೊಂದು ಸಭೆ, ಇನ್ನೊಂದು ಮೊದಲ ಸಾಲು ಎದುರಾದರೆ ಇವನು ನನ್ನನ್ನು ಇನ್ನೇನೆಂದು ಕರೆದಾನೋ. ಅದನ್ನು ಕಾಯುತ್ತಾ ಬದುಕಲು ನನ್ನಿಂದಾಗದು.

"ಇನ್ನು ಆಗುದಿಲ್ಲ ಅಂಕಿತ್."

"ಯಾಕೆ? ಅಮ್ಮನೇ ಹೇಳ್ತಾ ಇದ್ದಾರಲ್ಲ."

"ತಂಗಿ ಅಂತ ಹೇಳಿ ಆಯ್ತಲ್ಲ. ಊರಿಗೆ ಊರೇ ಚಪ್ಪಾಳೆ ತಟ್ಟಿದೆ. ನನ್ನ ಕ್ಲಾಸಿನ ಮಕ್ಕಳೂ ತಟ್ಟಿದ್ದಾರೆ."

ಅವನ ನಗು ನಿಂತಿತು. ಹಿಂದಿನಿಂದ ಯಾರೋ "ಅಂಕಿತಣ್ಣ, ಎಲೆ ಹಾಕಿ ಆಯ್ತು" ಎಂದು ಕರೆದರು. ಅವನು ಶಾಲು ಸರಿಮಾಡಿಕೊಂಡು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದ, ಕೊನೆಗೆ "ಬಂದೆ" ಎಂದು ಕೂಗಿ ಹೇಳಿ ಹೋದ.

ಪ್ರಭಾವತಿಯಮ್ಮ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದರು. ಅಂದು ಎಲ್ಲರ ಎದುರು ನನ್ನ ಕೈ ಹಿಡಿದು ನಿಂತವರು ಅವರೊಬ್ಬರೇ. ಅದನ್ನು ಬಿಡಿಸಿಕೊಳ್ಳುವಾಗ ನನಗೆ ಅಳು ಬಂತು.