ಜೋಡಿ ತಪ್ಪಿದ ಅಯಸ್ಕಾಂತ

ಪೆಟ್ಟಿಗೆ ತೆರೆದರೆ ಒಳಗೆ ಒಂದೇ ಅಯಸ್ಕಾಂತ. ಅದರ ಜೋಡಿ ಮಾಯ.

ಆಪರೇಷನ್ನಿಗೆ ಸಜ್ಜಾಗಿದ್ದ ಸರ್ಜನ್ ಹೌಹಾರಿ ಪೊಲೀಸರನ್ನು ಕರೆಸಿದರು. ಬಂದ ಇನ್ಸ್‌ಪೆಕ್ಟರಮ್ಮ ಸುಲಭಕ್ಕೆ ಯಾರ ಮಾತಿಗೂ ತಲೆಯಾಡಿಸುವವಳಲ್ಲ. ಅವತ್ತು ನೆಗಡಿ ಬೇರೆ ಹಿಡಿದು, ಸಿಡುಕು ಮೂಗಿನ ತುದಿಯಲ್ಲೇ ಕೂತಿತ್ತು.

ಸರ್ಜನ್ ವಿವರಿಸಿದರು. ಒಳಗಿರುವ ಹಸುಗೂಸಿಗೆ ಹುಟ್ಟಿನಿಂದಲೇ ಅನ್ನನಾಳ ನಡುವೆ ತುಂಡಾಗಿದೆ. ತನ್ನ ಜೊಲ್ಲನ್ನೂ ನುಂಗಲಾರದು. ಬಾಯಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು ಅಯಸ್ಕಾಂತ ಇಳಿಸಿದರೆ ಅವು ಒಂದನ್ನೊಂದು ಸೆಳೆದು, ಎರಡು ತುಂಡುಗಳನ್ನೂ ಹಿಗ್ಗಿಸಿ ಕೂಡಿಸುತ್ತವೆ. ಸಾಧನ ಅವರದೇ ಸೃಷ್ಟಿ. ಇವತ್ತಿನವರೆಗೆ ಮಾಡಿಸಿರುವುದು ಇದೊಂದೇ ಜೋಡಿ. ನೋಡಲು ಹೊರದೇಶದ ವೈದ್ಯರು ಬಂದು ಕೂತಿದ್ದಾರೆ.

"ಮಗುವಿನ ಅಪ್ಪನ್ನ ಹಿಡೀರಿ," ಎಂದರು. "ನಿನ್ನೆಯಿಂದ ಆಪರೇಷನ್ ಬೇಡ ಅಂತ ರಂಪ ಮಾಡ್ತಿದ್ದಾನೆ."

* * *

ಅಪ್ಪ ವಾರ್ಡಿನ ಹೊರಗೆ ಗೋಡೆಗೊರಗಿ ಕೂತಿದ್ದ. ಒಳಗೆ ಮಗುವಿನ ಜೊಲ್ಲು ಹೀರುವ ಯಂತ್ರ ಗುರುಗುಡುತ್ತಿತ್ತು. ಸದ್ದು ನಿಂತಾಗಲೆಲ್ಲ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಹೋದ ತಿಂಗಳು ಇದೇ ಆಪರೇಷನ್ ಆದ ಮಗು ತೀರಿಕೊಂಡಿತೆಂದು ಕೇಳಿದಾಗಿನಿಂದ ಕೈಕಾಲು ಆಡುತ್ತಿಲ್ಲ ಎಂದ. ಅವನ ಚೀಲ ಜಾಲಾಡಿದರೂ ಏನೂ ಸಿಗಲಿಲ್ಲ. ಅದೂ ಅಲ್ಲದೆ, ಸಾಧನ ಇಟ್ಟಿದ್ದ ಕೋಣೆ ಸಿಬ್ಬಂದಿಯ ಕಾರ್ಡ್ ಉಜ್ಜದೆ ತೆರೆಯದು.

ಆ ಕೋಣೆಯ ಒಳಬದಿಗೆ ಕೊಕ್ಕೆಗಳಿದ್ದವು. ಒಳಗೆ ಬಂದವರು ಮೊದಲು ಕಾರ್ಡನ್ನು ಅಲ್ಲಿ ನೇತುಹಾಕಬೇಕು. ಯಾಕೆಂದು ಇನ್ಸ್‌ಪೆಕ್ಟರಮ್ಮ ಕೇಳಿದಾಗ ನರ್ಸ್ ನಕ್ಕಳು. ಅಯಸ್ಕಾಂತ ತಗುಲಿದರೆ ಕಾರ್ಡಿನ ಕಪ್ಪು ಪಟ್ಟಿ ಕೆಟ್ಟುಹೋಗುತ್ತದಂತೆ.

ಇನ್ಸ್‌ಪೆಕ್ಟರಮ್ಮ ಮೂಗೊರೆಸಿಕೊಂಡು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಒಬ್ಬೊಬ್ಬರೇ ತಮ್ಮ ಕಾರ್ಡಿನಿಂದ ಬಾಗಿಲು ತೆರೆಯಬೇಕು.

ನರ್ಸಿಗೆ ತೆರೆಯಿತು. ಸರ್ಜನ್ನಿಗೂ ತೆರೆಯಿತು. ಅರಿವಳಿಕೆ ಕೊಡುವ ಡಾಕ್ಟರು, ಸರ್ಜನ್ನರ ಸ್ವಂತ ತಂಗಿ, ಕಾರ್ಡ್ ಉಜ್ಜಿದರು. ಕೆಂಪು ದೀಪ. ಮತ್ತೆ ಉಜ್ಜಿದರು. ಮತ್ತೆ ಕೆಂಪು.

"ಒಳಗೆ ಹೋಗುವಾಗ ಅಭ್ಯಾಸದಂತೆ ಕೊಕ್ಕೆಗೆ ಹಾಕಿದ್ರಿ ಡಾಕ್ಟ್ರೇ. ಬರುವಾಗ ಗಾಬರಿ. ಕಾರ್ಡೂ ಕದ್ದ ಮಾಲೂ ಒಂದೇ ಜೇಬಿಗೆ ಹೋದ್ವು."

ತಂಗಿ ಜೇಬಿಗೆ ಕೈ ಹಾಕಿದರು. ಬಟ್ಟೆಯಲ್ಲಿ ಸುತ್ತಿದ್ದ ಅಯಸ್ಕಾಂತ ತೆಗೆದುಕೊಟ್ಟರು.

"ಇದರ ಮೇಲಿನ ಲೇಪ ಬಿರುಕು ಬಿಟ್ಟಿದೆ ಅಂತ ಬಾಯಿ ನೋಯೋವಷ್ಟು ಹೇಳ್ದೆ ಅಣ್ಣಾ. ಕೇಳಿದ್ಯಾ?"

ಸರ್ಜನ್ ಕೈ ಚಾಚಿದರು. ದನಿ ಎಳ್ಳಷ್ಟೂ ನಡುಗಲಿಲ್ಲ. "ಕಳ್ಳಿ ಸಿಕ್ಕಳಲ್ಲ. ಕೊಡಿ, ಮಗು ಕಾಯ್ತಿದೆ."

ಇನ್ಸ್‌ಪೆಕ್ಟರಮ್ಮ ಕೊಡಲಿಲ್ಲ. ಅಯಸ್ಕಾಂತವನ್ನು ಬೆಳಕಿಗೆ ಹಿಡಿದಳು. ಕೂದಲೆಳೆಯಷ್ಟು ಬಿರುಕು. ಅದರೊಳಗೆ ತೊಳೆದರೂ ಹೋಗದ ಕಪ್ಪು ಕಲೆ.

"ಮಾಡಿಸಿರೋದು ಇದೊಂದೇ ಜೋಡಿ ಅಂದ್ರಿ. ಹಾಗಾದ್ರೆ ಹೋದ ತಿಂಗಳ ಮಗೂಗೆ ಹಾಕಿದ್ದು ಯಾವುದು?"

ಸರ್ಜನ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಉತ್ತರ ತಂಗಿ ಕೊಟ್ಟರು. ಬಿರುಕಿನಿಂದ ಲೋಹ ಸೋರಿ ಆ ಕೂಸಿನ ಅನ್ನನಾಳ ಸುಟ್ಟು ತೂತಾಗಿತ್ತು. ಅಣ್ಣ ಸೋಂಕು ಎಂದು ಸಾರಿದರು. ಹೆಣದೊಳಗಿಂದ ತೆಗೆದದ್ದನ್ನೇ ತೊಳೆದು ಪೆಟ್ಟಿಗೆಗಿಟ್ಟರು. ಅತಿಥಿಗಳೆದುರು ಸಾಧನ ಸೋತಿತೆನ್ನಲು ಅವರಿಗೆ ನಾಲಿಗೆ ಹೊರಳಲಿಲ್ಲ.

"ಇದು ಇನ್ನು ಸಾಕ್ಷಿ," ಎಂದು ಇನ್ಸ್‌ಪೆಕ್ಟರಮ್ಮ ಅದನ್ನು ಲಕೋಟೆಗೆ ಹಾಕಿ ಅಂಟಿಸಿದಳು. ಕಾನ್‌ಸ್ಟೇಬಲ್ ಸರ್ಜನ್ನರ ತೋಳು ಹಿಡಿದ.

ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ನನ್ನ ಮಗು?"

ಹೊಟ್ಟೆಗೆ ನಳಿಗೆ ಹಾಕಿ ಬೆಳೆಸಿ, ಆಮೇಲೆ ಹೊಲಿಯುವ ನಿಧಾನದ ದಾರಿ ಇದೆ ಎಂದರು ತಂಗಿ. ಉಳಿಯುತ್ತದೆಂದು ಮಾತು ಕೊಡಲಿಲ್ಲ.

ಒಳಗೆ ಯಂತ್ರದ ಸದ್ದು ನಿಂತಿತು. ಈ ಸಲ ಇನ್ಸ್‌ಪೆಕ್ಟರಮ್ಮನೂ ಉಸಿರು ಬಿಗಿಹಿಡಿದಳು. ಆಮೇಲೆ ಅದು ಮತ್ತೆ ಗುರುಗುಟ್ಟಿತು.