ಸುರಗಿಯ ತಾಯಿಮಣ್ಣು

"ಕೊಂಡುಹೋಗುವುದಾದರೆ ಮಣ್ಣು ಕೊಡವಿ ಕೊಂಡುಹೋಗಿ ಅಮ್ಮ. ಬರೀ ಬೇರು ಸಾಕು."

ಕೂಳೂರಿನ ಹೊಳೆಬದಿಯ ಆ ಜಾಗಕ್ಕೆ ಮರುದಿನ ಜೆಸಿಬಿ ಬರುವುದಿತ್ತು. ಜಾಗ ಮಾರಿದ ಮುದುಕಿ ಕಿನ್ನಿ ಹಾಗೆಂದು ಸೆರಗನ್ನು ಮೂಗಿಗೆ ಒತ್ತಿಕೊಂಡು ದೂರವೇ ನಿಂತಿದ್ದಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಬ್ರೆಂಡಾ ಏಳು ತಿಂಗಳ ಹೊಟ್ಟೆಗೆ ಕೈ ಆನಿಸಿಕೊಂಡು, ಎಷ್ಟು ಅಗಲ ಅಗೆಯಬೇಕೆಂದು ಆಳಿಗೆ ತೋರಿಸುತ್ತಿದ್ದಳು. ಸುರಗಿ. ಈಗ ಹುಡುಕಿದರೂ ಸಿಗದ ಮರ, ಒಣಗಿ ಕಡ್ಡಿಯಾದರೂ ಪರಿಮಳ ಕಳೆದುಕೊಳ್ಳದ ಹೂ. ಇದು ಮಾತ್ರ ಸೊಂಟದೆತ್ತರಕ್ಕೇ ನಿಂತುಬಿಟ್ಟಿತ್ತು. ಕಾಂಡ ಗಂಟು ಗಂಟು.

"ಬೇರು ಕಚ್ಚಿದ ತಾಯಿಮಣ್ಣು ಕೊಡವಿದರೆ ಗಿಡ ಸಾಯ್ತದೆ ಕಿನ್ನಿಯಕ್ಕ."

"ಇದು ಸಾಯುವ ಜಾತಿ ಅಲ್ಲ. ನಾನು ಮದುವೆಯಾಗಿ ಬಂದಾಗಲೂ ಇಷ್ಟೇ ಇತ್ತು. ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಬಾರದೂಂತ ಯಾರೋ ಆ ಮಣ್ಣಿಗೆ ಮಾಟ ಹಾಕಿದ್ದು." ಮುದುಕಿ ತಡೆದು ಹೇಳಿದಳು, "ಕಟ್ಟಲಿಲ್ಲ."

ಬ್ರೆಂಡಾ ನಕ್ಕಳು. "ನನ್ನ ತೊಟ್ಟಿಲು ಆಗಲೇ ಆನ್‌ಲೈನಿನಲ್ಲಿ ಬಂದಾಯ್ತು."

ಬೇರಿನ ಮುದ್ದೆಯನ್ನು ಗೋಣಿಯಲ್ಲಿ ಬಿಗಿದು, ಮಣ್ಣು ಉದುರದಂತೆ ಬಿಜೈಯಲ್ಲಿದ್ದ ತನ್ನ ಮನೆಯ ಟೆರೇಸಿಗೆ ಆಳಿನ ಕೈಲಿ ಏರಿಸಿದಳು. ಹೊಂಡದಲ್ಲಿ ಉಳಿದ ಮಣ್ಣನ್ನೂ ಬಿಡಲಿಲ್ಲ, ಒಂದು ಚೀಲ ತುಂಬಿಸಿ ಗೆಳತಿ ಮೋಕ್ಷಾಳಿಗೆ ಕೊಟ್ಟಳು. ಮೋಕ್ಷಾಳಲ್ಲಿ ಮೊಣಕೈ ಉದ್ದದ ಸುರಗಿಯ ಸಸಿಯಿತ್ತು. ಅವಳಿಗೂ ಏಳು ತಿಂಗಳು. ಇಬ್ಬರ ಗೆಳೆತನ ಶುರುವಾದದ್ದೇ ಡಾಕ್ಟರಮ್ಮನ ಬಾಗಿಲಲ್ಲಿ ಕಾಯುತ್ತ.

ವಾರದೊಳಗೆ ಸುರಗಿ ಹೂ ಬಿಟ್ಟಿತು. ಗಂಟು ಗಂಟಿನಿಂದಲೂ ಬಿಳಿ ಹೂ. ಬ್ರೆಂಡಾ ಬಗ್ಗಿ ಮೂಗೊಡ್ಡಿದಳು. ಏನೂ ಇಲ್ಲ. ಶೀತವಿರಬೇಕು ಅಂದುಕೊಂಡಳು. ಕೆಳಗೆ ಅತ್ತೆ ವೆರೋನಿಕಾ ಬಂಗುಡೆ ಮೀನು ಹುರಿಯುತ್ತಿದ್ದಳು. ಎಣ್ಣೆಯ ಚುಂಯ್ ಎಂಬ ಸದ್ದು ಮೆಟ್ಟಿಲೇರಿ ಬಂತು, ವಾಸನೆ ಬರಲಿಲ್ಲ.

ಅಂದಿನಿಂದ ಮಗು ಒದೆಯುವುದನ್ನು ನಿಲ್ಲಿಸಿತು.

ಎರಡು ಬಸಿರು ಕಳೆದುಕೊಂಡ ಮೇಲೆ ನಿಂತ ಗರ್ಭ ಇದು. ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಪಾಠದ ನಡುವೆ ಹೊಟ್ಟೆಗೆ ಅಂಗೈ ಒತ್ತಿ, ಒಮ್ಮೆ ತಿರುಗು ಮಗಾ, ಒಂದೇ ಒಮ್ಮೆ, ಎಂದು ಬೇಡಿದಳು. ಅದು ಕಲ್ಲಿನಂತೆ ತಣ್ಣಗಿತ್ತು. ಮರುದಿನ ತಪಾಸಣೆಗೆ ಓಡಿದಾಗ, ಮಗುವಿನ ಎದೆಬಡಿತ ತೀರಾ ಕ್ಷೀಣವಾಗಿದೆ, ಈಗಲೇ ಅಡ್ಮಿಟ್ ಆಗಿ ಎಂದರು ಡಾಕ್ಟರಮ್ಮ. ಬಟ್ಟೆಗೆಂದು ಮನೆಗೆ ಬಂದವಳನ್ನು ವೆರೋನಿಕಾ ಹೊಸ್ತಿಲಲ್ಲೇ ತಡೆದು, ಉಪ್ಪು, ಒಣಮೆಣಸು ನಿವಾಳಿಸಿ ಕೆಂಡಕ್ಕೆ ಹಾಕಿದಳು.

ಮೆಣಸು ಕರಕಾಯಿತು. ಹೊಗೆ ಕಣ್ಣಿನ ಮಟ್ಟಕ್ಕೆ ಎದ್ದಿತು. ಇಬ್ಬರಿಗೂ ಕೆಮ್ಮು ಬರಲಿಲ್ಲ.

"ನನಗೂ ವಾಸನೆ ಇಲ್ಲ." ವೆರೋನಿಕಾ ಹೊಗೆಗೇ ಮೂಗೊಡ್ಡಿದಳು. "ಮನೆಗೆ ಎಂತ ತಂದಿದ್ದಿ ನೀನು?"

ಬ್ರೆಂಡಾಳಿಗೆ ಕಿನ್ನಿಯ ಮಾತು ನೆನಪಾಯಿತು. ಅಡುಗೆಮನೆಯ ಕತ್ತಿ ಎತ್ತಿಕೊಂಡು ಟೆರೇಸಿಗೆ ಏರಿದಳು. ಅತ್ತೆ ಉಪ್ಪುನೀರಿನ ಬಕೆಟ್ಟು ಹೊತ್ತು ಹಿಂದೆಯೇ ಬಂದಳು. ಬ್ರೆಂಡಾ ಗೋಣಿ ಸೀಳಿದಳು. ಬೇರುಗಳು ಮಣ್ಣನ್ನು ಮುಷ್ಟಿಯಂತೆ ಹಿಡಿದಿದ್ದವು. ಕೊಡವಿದಳು. ಉದುರಲಿಲ್ಲ. ಬೆರಳು ತುರುಕಿದಳು. ಒಳಗೆ ಬಿಸಿ. ಮೈಯೊಳಗಿನಂಥ ಬಿಸಿ. ಒಡೆದ ಕರಿಬಳೆಯ ಚೂರು ಉಗುರಿನ ಸಂದಿಗೆ ಚುಚ್ಚಿತು. ಕೂದಲಿನ ಗಂಟು ಕೈಗೆ ಸಿಕ್ಕಿತು. ಬೇರು ಅವಳ ಮಣಿಕಟ್ಟಿಗೆ ಸುತ್ತಿಕೊಂಡಿತು. ಬಿಗಿಯಿತು.

ಒಂದೊಂದು ಬೇರನ್ನೂ ಕಡಿಯದೆ ಮಣ್ಣು ಬಿಡುವುದಿಲ್ಲ. ಕಡಿದರೆ ಮರ ಉಳಿಯುವುದಿಲ್ಲ.

ಕಡಿದಳು. ಅಳುತ್ತ ಕಡಿದಳು. ಸಣ್ಣ ಬೇರು. ದಪ್ಪ ಬೇರು. ತಾಯಿಬೇರು. ಕೆಂಪು ಮಣ್ಣು ಉಪ್ಪುನೀರಿಗೆ ಬಿದ್ದು ಬುಸುಗುಟ್ಟಿತು. ಸುರಗಿಯ ಎಲೆಗಳೆಲ್ಲ ಒಮ್ಮೆಗೇ ಉದುರಿದವು.

ಆಗ ಕೆಳಗಿನಿಂದ ಮೆಣಸಿನ ಘಾಟು ಏರಿ ಬಂತು. ವೆರೋನಿಕಾ ಕೆಮ್ಮಿದಳು. ಬ್ರೆಂಡಾ ಕೆಮ್ಮಿದಳು, ಕಣ್ಣು ಮೂಗು ಸುರಿಯುವ ಹಾಗೆ ಕೆಮ್ಮುತ್ತಲೇ ನಕ್ಕಳು. ಹೊಟ್ಟೆಯೊಳಗೆ ಮಗು ಬಲವಾಗಿ ಒದೆಯಿತು. ಮತ್ತೊಮ್ಮೆ. ಸತ್ತ ಮರವನ್ನು ಮಡಿಲಿಗೆ ಎಳೆದುಕೊಂಡು ಅವಳು ನೆಲದ ಮೇಲೇ ಕುಸಿದು ಕೂತಳು.

ಫೋನು ಬಡಿದುಕೊಂಡಿತು. ಮೋಕ್ಷಾ.

"ನಿನ್ನ ಮಣ್ಣು ಎಂತದ್ದು ಮಾರಾಯ್ತಿ? ಇಷ್ಟು ಸಣ್ಣ ಸಸಿ ಹೂ ಬಿಟ್ಟಿದೆ. ನಮ್ಮವರು ಸ್ಟೇಟಸ್ಸಿಗೂ ಹಾಕಿದ್ರು." ನಗು. "ಆದ್ರೆ ಪರಿಮಳವೇ ಇಲ್ಲ ನೋಡು."

ಬ್ರೆಂಡಾ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಮೋಕ್ಷಾ, ಮಗು ತಿರುಗ್ತಾ ಉಂಟಾ?"

ಆ ಕಡೆ ನಗು ನಿಂತಿತು.

"ನಿನಗೆ ಯಾರು ಹೇಳಿದ್ರು?" ಎಂದಳು ಮೋಕ್ಷಾ.